ಸಹಾಯ ಬೇಕು: ಥಾಯ್ಲೆಂಡ್‌ನ ಕಾಂಫೇಂಗ್ ಫೆಟ್ ನೋಡಿದವರು ಯಾರಾದರೂ ಇದ್ದೀರಾ?

ನಮಸ್ಕಾರ. ಜನವರಿಯಲ್ಲಿ ನಾನು, ಅಮ್ಮ ಇಬ್ಬರೇ ಥಾಯ್ಲೆಂಡ್‌ಗೆ ಹೊರಟಿದ್ದೇವೆ. ಪಟ್ಟಾಯ, ಫುಕೆಟ್ ಬೇಡ ಅಂತ ಮೊದಲೇ ತೀರ್ಮಾನ ಆಗಿದೆ. ಹಳೇ ರಾಜಧಾನಿ ಸುಖೋಥಾಯ್ ನೋಡಿ ಅಲ್ಲಿಂದ ಹಳೇ ಕೋಟೆ, ಪಾಳುಬಿದ್ದ ದೇವಾಲಯಗಳಿರುವ ಕಾಂಫೇಂಗ್ ಫೆಟ್‌ಗೆ ಹೋಗಿ ಮೂರು ದಿನ ಇರುವ ಯೋಚನೆ. 1991ರಲ್ಲಿ ಸುಖೋಥಾಯ್ ಜೊತೆಗೆ ಇದನ್ನೂ ಯುನೆಸ್ಕೊ ಪಟ್ಟಿಗೆ ಸೇರಿಸಿದ್ದಾರೆ, ಆದರೂ ನಾನು ನೋಡಿದ ಒಂದು ಪ್ಯಾಕೇಜಿನಲ್ಲೂ ಇದರ ಹೆಸರಿಲ್ಲ.

ಆಸೆ ಹುಟ್ಟಿದ್ದು ಅಲ್ಲಿನ ವಾಟ್ ಚಾಂಗ್ ರೋಪ್ ಎಂಬ ಬೌದ್ಧ ದೇವಾಲಯದ ಫೋಟೊ ನೋಡಿ. ಸ್ತೂಪದ ಬುಡದ ಸುತ್ತ 68 ಆನೆಗಳು, ಗೋಡೆಯಿಂದ ಅರ್ಧ ಮೈ ಹೊರಗೆ ಬಂದ ಹಾಗೆ ನಿಂತಿವೆ, ಗಾರೆ ಉದುರಿದ ಕಡೆ ಒಳಗಿನ ತೂತು ತೂತಾದ ಕೆಂಪು ಕಲ್ಲು ಕಾಣುತ್ತದೆ. ನಮ್ಮ ಕರಾವಳಿಯ ಮುರಕಲ್ಲೇ ಅಲ್ವಾ ಅದು! ಉಡುಪಿಯ ಹಳೇ ಮನೆಯ ಪಾಗಾರ ನೆನಪಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಕೋಟೆಯೊಳಗಿನ ಭಾಗ ಸರಿ, ಆದರೆ ಉತ್ತರಕ್ಕಿರುವ ಕಾಡಿನ ಭಾಗದಲ್ಲಿ ದೇವಾಲಯಗಳು ದೂರ ದೂರ ಇವೆ. ಅಮ್ಮನಿಗೆ ಮಂಡಿ ನೋವು, ಸೈಕಲ್ ಆಗುವುದಿಲ್ಲ. ಕಾರು ಒಳಗೆ ಬಿಡುತ್ತಾರಾ?

ಇನ್ನೊಂದು, ಖ್ಲೋಂಗ್ ಲಾನ್ ಜಲಪಾತ ಮತ್ತು ಮೇ ವೋಂಗ್ ಕಾಡಿನ ಚೋಂಗ್ ಯೆನ್ ಎಂಬ ಬೆಟ್ಟದ ಮೇಲಿನ ಜಾಗ ಎರಡನ್ನೂ ಒಂದೇ ದಿನದಲ್ಲಿ ಮುಗಿಸಬಹುದಾ? ಚೋಂಗ್ ಯೆನ್ 1,340 ಮೀಟರ್ ಎತ್ತರದಲ್ಲಿದೆ, ಸ್ವೆಟರ್ ಸಾಕಾ, ಜಾಸ್ತಿ ಬೇಕಾ? ಡ್ರೈವರ್ ಸಮೇತ ಕಾರು ಊರಿನಲ್ಲೇ ಸಿಗುತ್ತದಾ, ಸುಖೋಥಾಯ್‌ನಿಂದಲೇ ಮಾಡಿಕೊಂಡು ಹೋಗಬೇಕಾ?

ಊಟದ ಚಿಂತೆಯೇ ದೊಡ್ಡದು. ಅಮ್ಮ ಮೀನಿನ ಸಾಸ್ ಬಿದ್ದ ಪಲ್ಯವನ್ನೂ ಮುಟ್ಟುವುದಿಲ್ಲ. 'ಜೇ' (ಮೀನು, ಮಾಂಸ ಏನೂ ಹಾಕದ ಸಸ್ಯಾಹಾರ) ಅಂತ ಹಳದಿ ಬೋರ್ಡ್ ಇರುವ ಅಂಗಡಿ ಅಲ್ಲಿ ಕಂಡವರಿದ್ದರೆ ದಯವಿಟ್ಟು ಎಲ್ಲಿ ಅಂತ ಹೇಳಿ, ಇಲ್ಲದಿದ್ದರೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಳ್ಳುತ್ತೇವೆ.