ಮಾನಿಟರ್ ಮಲಗ್ತಾನೇ ಇಲ್ಲ: ಒಂದು ಕಪ್ಪಾಗಿ ಮತ್ತೆ ಎದ್ದು ಕೂರುತ್ತೆ, ಇನ್ನೊಂದು ಕಪ್ಪೇ ಆಗಲ್ಲ

ಸಕ್ಕರೆಸೀಮೆ_ಡಿಟಿಪಿ (ಮಂಡ್ಯ) ಕೇಳಿದ್ದು:

ನಮಸ್ಕಾರ. ಡಿಟಿಪಿ, ಜೆರಾಕ್ಸ್ ಅಂಗಡಿ, ಮೂರು ಸಿಸ್ಟಂ ಇವೆ. ರಾತ್ರಿ 8ಕ್ಕೆ ಬಾಗಿಲು ಹಾಕಿದರೆ ಮತ್ತೆ ತೆಗೆಯೋದು ಬೆಳಿಗ್ಗೆ 10ಕ್ಕೆ. ರಾತ್ರಿ ಶೇರ್ ಫೋಲ್ಡರ್‌ಗೆ ಬ್ಯಾಕಪ್ ಓಡುತ್ತೆ, ಹಾಗಾಗಿ ಸಿಪಿಯು ಆಫ್ ಮಾಡುವ ಹಾಗಿಲ್ಲ. ಮೂರರಲ್ಲೂ ಸ್ಲೀಪ್ 'ನೆವರ್', ಸ್ಕ್ರೀನ್ ಆಫ್ '10 ನಿಮಿಷ' ಇಟ್ಟಿದೆ. ಆದರೂ ಬೆಳಿಗ್ಗೆ ಶಟರ್ ಎತ್ತಿದರೆ ಮೂರೂ ಮಾನಿಟರ್ ಉರೀತಾ ಇರ್ತವೆ.

ಮೊದಲನೇದು 24 ಇಂಚು, ವಿಂಡೋಸ್ 11, ಡಿಸ್‌ಪ್ಲೇಪೋರ್ಟ್ ಕೇಬಲ್. ಇದು ಕಪ್ಪಾಗುತ್ತೆ, 'ನೋ ಸಿಗ್ನಲ್' ಅಂತ ತೋರಿಸುತ್ತೆ, ನಾಲ್ಕೈದು ಸೆಕೆಂಡಿಗೆ ಮತ್ತೆ ಲಾಗಿನ್ ಪರದೆ ಬರುತ್ತೆ. ಎರಡನೇದು 22 ಇಂಚು, ವಿಂಡೋಸ್ 10, ಎಚ್‌ಡಿಎಂಐ. ಇದು ಕಪ್ಪೇ ಆಗಲ್ಲ. ಮೂರನೇದು ಹಳೇ 19 ಇಂಚಿನ ವಿಜಿಎ ಮಾನಿಟರ್, ಎಚ್‌ಡಿಎಂಐ–ವಿಜಿಎ ಕನ್ವರ್ಟರ್ ಹಾಕಿದೆ. ಪರದೆ ಕಪ್ಪಾಗುತ್ತೆ, ಆದರೆ ಹಿಂದಿನ ಲೈಟು ಉರಿಯೋದು ಕತ್ತಲಲ್ಲಿ ಕಾಣುತ್ತೆ, ಬಟನ್ ಪಕ್ಕದ ದೀಪ ನೀಲಿಯಾಗೇ ಇರುತ್ತೆ.

ಬಟನ್ ಒತ್ತಿ ಆಫ್ ಮಾಡಿ ಅನ್ನಬೇಡಿ, ಹುಡುಗರು ಮರೀತಾರೆ.

ಜಟಕಾಗಾಡಿ ಉತ್ತರಿಸಿದ್ದು:

ಮೂರಕ್ಕೂ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹೊಸದಾಗಿ ಹಾಕಿಬಿಡಿ ಸಾರ್. ವೈರಸ್ ಇರುತ್ತೆ.

ಪಿನ್20 (ಮೈಸೂರು) ಉತ್ತರಿಸಿದ್ದು:

ಫಾರ್ಮ್ಯಾಟ್ ಬೇಡ. ಮೂರನೇ ಮಾನಿಟರ್‌ಗಂತೂ ನೂರು ಸಲ ಫಾರ್ಮ್ಯಾಟ್ ಮಾಡಿದರೂ ಅಷ್ಟೇ, ಯಾಕೆ ಅಂತ ಕೊನೆಗೆ ಹೇಳ್ತೀನಿ. ನಿಮ್ಮಲ್ಲಿರೋದು ಒಂದು ಕಾಯಿಲೆ ಅಲ್ಲ, ಮೂರು. ಹೊರಗಿನಿಂದ ನೋಡೋಕೆ ಒಂದೇ ಥರ ಕಾಣುತ್ತೆ, ಅಷ್ಟೇ.

ಮಾನಿಟರ್ ತಾನಾಗಿ ಮಲಗಲ್ಲ. ಸಿಪಿಯು ಕಡೆಯಿಂದ ಸಿಗ್ನಲ್ ನಿಲ್ಲಬೇಕು, ಅದನ್ನು ಮಾನಿಟರ್ ಗುರುತಿಸಬೇಕು, ಆಮೇಲೆ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಬೇಕು ಅಥವಾ ಮಿಣುಕಬೇಕು. ಈ ಸರಪಳಿ ಎಲ್ಲಿ ತುಂಡಾಗಿದೆ ಅಂತ ಮೊದಲು ನೋಡಿ, ಆಮೇಲೆ ಸೆಟ್ಟಿಂಗ್ ಮುಟ್ಟಿ. ಸ್ಕ್ರೀನ್ ಆಫ್ 1 ನಿಮಿಷಕ್ಕೆ ಇಳಿಸಿ, ಮೌಸ್ ಕೀಬೋರ್ಡ್ ಮುಟ್ಟದೆ ಎದುರಿಗೆ ಕೂತು ಗಮನಿಸಿ. ಕಪ್ಪೇ ಆಗದಿದ್ದರೆ ಸಿಪಿಯು ಸಿಗ್ನಲ್ ನಿಲ್ಲಿಸಿಲ್ಲ ಅಂತ ಅರ್ಥ, ಆಗ ಮಾನಿಟರ್ ಮೇಲೆ ತಪ್ಪು ಹೊರಿಸಬೇಡಿ. 'ನೋ ಸಿಗ್ನಲ್' ಬಂದಮೇಲೆ ಎದ್ದರೆ, ಸಿಗ್ನಲ್ ನಿಂತಿತ್ತು, ಯಾರೋ ಎಬ್ಬಿಸಿದರು. ಕಪ್ಪಾಗಿಯೂ ಬ್ಯಾಕ್‌ಲೈಟ್ ಉಳಿದರೆ, ಕಪ್ಪು ಬಣ್ಣದ ಚಿತ್ರವೇ ಸಿಗ್ನಲ್ ಆಗಿ ಬರ್ತಾ ಇದೆ. ಸ್ಕ್ರೀನ್ ಸೇವರ್ 'ಬ್ಲ್ಯಾಂಕ್' ಇಟ್ಟಾಗಲೂ ಆಗೋದು ಇದೇ. ಕರೆಂಟು ಉಳಿಯಲ್ಲ. ಅದನ್ನು 'ನನ್' (ಯಾವುದೂ ಬೇಡ) ಮಾಡಿಬಿಡಿ.

ಇನ್ನೊಂದು ಪರೀಕ್ಷೆ: ಮಾನಿಟರ್ ಆನ್ ಇರುವಾಗಲೇ ಅದರ ಹಿಂದಿನ ವಿಡಿಯೋ ಕೇಬಲ್ ಕೀಳಿ. ಸ್ವಲ್ಪ ಹೊತ್ತಿಗೆ ಅದು ಮಲಗಿದರೆ ಮಾನಿಟರ್ ಸರಿ ಇದೆ. ಕೆಲವು ಮಾಡೆಲ್‌ಗಳು ಕೇಬಲ್ ಇಲ್ಲದಾಗ ಐದು ನಿಮಿಷದವರೆಗೂ ಸಂದೇಶ ತೇಲಿಸ್ತಾ ಇರ್ತವೆ, ಅವಸರ ಪಟ್ಟು ತೀರ್ಮಾನ ಮಾಡಬೇಡಿ.

ಎರಡನೇ ಸಿಸ್ಟಂನಿಂದ ಶುರು ಮಾಡಿ. ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಬಲ ಕ್ಲಿಕ್, 'ರನ್ ಆಸ್ ಅಡ್ಮಿನಿಸ್ಟ್ರೇಟರ್'. ಅಲ್ಲಿ ಟೈಪ್ ಮಾಡಿ: ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಸ್ಲ್ಯಾಶ್‌ಗೆ ಮುಂಚೆ ಒಂದು ಸ್ಪೇಸ್. ಕನ್ನಡ ಟೈಪಿಂಗ್‌ನ 'ನುಡಿ' ತಂತ್ರಾಂಶ ಆನ್ ಇದ್ದರೆ ಸ್ಕ್ರಾಲ್ ಲಾಕ್ ಒತ್ತಿ ಇಂಗ್ಲಿಷ್‌ಗೆ ಬನ್ನಿ, ಇಲ್ಲದಿದ್ದರೆ ಕಪ್ಪು ಕಿಟಕಿಯಲ್ಲಿ ಕಸ ಬೀಳುತ್ತೆ. ಬಂದ ಪಟ್ಟಿಯಲ್ಲಿ 'ಡಿಸ್‌ಪ್ಲೇ' ಅನ್ನುವ ತಲೆಬರಹದ ಕೆಳಗೆ ಏನಿದೆ ಅದನ್ನು ಇಲ್ಲಿ ಹಾಕಿ. ಅಂಗಡಿ ಮುಚ್ಚುವ ಹೊತ್ತಲ್ಲಿ ಯಾವ್ಯಾವ ಪ್ರೋಗ್ರಾಂ ತೆರೆದಿರುತ್ತೋ ಹಾಗೇ ಬಿಟ್ಟು ಓಡಿಸಿ. ಎಲ್ಲ ಮುಚ್ಚಿ ಓಡಿಸಿದರೆ ಕಳ್ಳ ಸಿಗಲ್ಲ.

ಸಕ್ಕರೆಸೀಮೆ_ಡಿಟಿಪಿ:

ಮಾಡಿದೆ. 'ಡಿಸ್‌ಪ್ಲೇ' ಕೆಳಗೆ ಸಿಸಿಟಿವಿ ನೋಡುವ ಪ್ರೋಗ್ರಾಂ ಹೆಸರಿದೆ. 'ಸಿಸ್ಟಂ' ಕೆಳಗೆ ಎರಡು ಸಾಲು: ಒಂದು ಎಸ್‌ಆರ್‌ವಿನೆಟ್, ಇನ್ನೊಂದು ಆಡಿಯೋ ಸ್ಟ್ರೀಮ್ ಬಳಕೆಯಲ್ಲಿದೆ ಅಂತ. ಮೂರನ್ನೂ ತೆಗೀಬೇಕಾ?

ಪಿನ್20 (ಮೈಸೂರು):

'ಸಿಸ್ಟಂ' ಕೆಳಗಿನವನ್ನು ಮುಟ್ಟಬೇಡಿ. ಅವು ತಡೆಯೋದು ಸಿಪಿಯು ನಿದ್ದೆಯನ್ನು, ಮಾನಿಟರ್ ನಿದ್ದೆಯನ್ನಲ್ಲ. ಎಸ್‌ಆರ್‌ವಿನೆಟ್ ಅಂದರೆ ಪಕ್ಕದ ಸಿಸ್ಟಂ ನಿಮ್ಮ ಶೇರ್ ಫೋಲ್ಡರ್ ಬಳಸ್ತಾ ಇದೆ ಅಂತ, ಅದು ನಿಮಗೆ ಬೇಕಾಗಿರೋದೇ. ಪರದೆಯನ್ನು ಹಿಡಿದು ಕೂತಿರೋದು 'ಡಿಸ್‌ಪ್ಲೇ' ಸಾಲು ಒಂದೇ. ಬ್ರೌಸರ್‌ನಲ್ಲಿ ವಿಡಿಯೋ ಓಡುತ್ತಿದ್ದರೆ ಅದೂ ಇಲ್ಲೇ 'ವಿಡಿಯೋ ವೇಕ್ ಲಾಕ್' ಅಂತ ಬರುತ್ತೆ.

ಸಿಸಿಟಿವಿ ಪ್ರೋಗ್ರಾಂ ಬೇಕಂತಲೇ ಪರದೆ ಹಿಡಿಯುತ್ತೆ, ಕಾವಲುಗಾರ ನೋಡ್ತಾ ಇರ್ತಾನೆ ಅನ್ನೋ ಲೆಕ್ಕ. ರಾತ್ರಿ ಮುಚ್ಚಿ ಹೋಗೋದು ಒಂದು ದಾರಿ. ಹುಡುಗರು ಮರೀತಾರೆ ಅಂದರೆ ವಿಂಡೋಸ್‌ಗೇ 'ಇವನ ಮಾತು ಕೇಳಬೇಡ' ಅಂತ ಹೇಳಬಹುದು: ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್‌ಓವರ್‌ರೈಡ್ ಪ್ರಾಸೆಸ್, ಒಂದು ಸ್ಪೇಸ್, ಆ ಪ್ರೋಗ್ರಾಂನ ಡಾಟ್ ಇಎಕ್ಸ್‌ಇ ಹೆಸರು, ಮತ್ತೊಂದು ಸ್ಪೇಸ್, ಡಿಸ್‌ಪ್ಲೇ. ಹೆಸರು ಪಟ್ಟಿಯಲ್ಲಿದ್ದ ಹಾಗೇ ಇರಬೇಕು. ಮುಂದಿರುವ ಫೋಲ್ಡರ್ ದಾರಿ ಬೇಡ, ಕೊನೇ ತುಂಡು ಸಾಕು. ಹಾಕಿದ್ದು ಸೇರಿದೆಯಾ ಅಂತ ನೋಡಲು ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್‌ಓವರ್‌ರೈಡ್ ಅಂತ ಮಾತ್ರ ಕೊಟ್ಟು ಎಂಟರ್ ಒತ್ತಿ. ತೆಗೆಯಬೇಕಾದರೆ ಅದೇ ಸಾಲನ್ನು ಕೊನೆಯ 'ಡಿಸ್‌ಪ್ಲೇ' ಇಲ್ಲದೆ ಕೊಡಿ.

ರೆಕಾರ್ಡಿಂಗ್ ಡಿವಿಆರ್ ಪೆಟ್ಟಿಗೆಯಲ್ಲಿ ಆಗ್ತಿದ್ದರೆ ಇದರಿಂದ ಏನೂ ನಷ್ಟ ಇಲ್ಲ. ಸಿಪಿಯು ಒಳಗೇ ರೆಕಾರ್ಡ್ ಆಗ್ತಿದ್ದರೂ 'ಡಿಸ್‌ಪ್ಲೇ' ಮಾತ್ರ ಹಾಕಿದಾಗ ತೊಂದರೆ ಇಲ್ಲ, ಆದರೆ ಅಪ್ಪಿತಪ್ಪಿಯೂ ಆ ಸಾಲಿಗೆ 'ಸಿಸ್ಟಂ' ಸೇರಿಸಬೇಡಿ.

ಸಕ್ಕರೆಸೀಮೆ_ಡಿಟಿಪಿ:

ಓವರ್‌ರೈಡ್ ಹಾಕಿದೆ. ಈಗ 1 ನಿಮಿಷಕ್ಕೆ ಸರಿಯಾಗಿ ಆಫ್ ಆಗಿ ದೀಪ ಕಿತ್ತಳೆ ಆಯ್ತು. ಆದರೆ ಒಂದು ಸಲ 6 ನಿಮಿಷಕ್ಕೆ, ಒಂದು ಸಲ 20 ನಿಮಿಷಕ್ಕೆ ತಾನಾಗೇ ಆನ್ ಆಯ್ತು. ಪಟ್ಟಿ ಈಗ 'ಡಿಸ್‌ಪ್ಲೇ: ನನ್' ಅಂತಲೇ ಇದೆ. ಯಾರೂ ಮುಟ್ಟಿಲ್ಲ.

ಕನ್ನಂಬಾಡಿ_ಕಟ್ಟೆ ಉತ್ತರಿಸಿದ್ದು:

ಮೌಸ್ ಯಾವುದರ ಮೇಲಿದೆ? ಗಾಜಿನ ಟೇಬಲ್, ಹೊಳೆಯುವ ಸನ್‌ಮೈಕಾ, ಅಥವಾ ಸವೆದು ನುಣುಪಾದ ಪ್ಯಾಡ್ ಆದರೆ ಆಪ್ಟಿಕಲ್ ಸೆನ್ಸರ್‌ಗೆ ಹಿಡಿತ ಸಿಗಲ್ಲ. ಆಗಾಗ ಒಂದು ಪಿಕ್ಸೆಲ್ ಅಲುಗಿತು ಅಂತ ವರದಿ ಕಳಿಸುತ್ತೆ. ಪರದೆ ಏಳೋಕೆ ಅಷ್ಟು ಸಾಕು. ಮೇಲೆ ಫ್ಯಾನ್ ತಿರುಗಿ ಟೇಬಲ್ ನಡುಗಿದರೂ ಹಾಗೇ. ಹೊತ್ತು ಗೊತ್ತಿಲ್ಲದೆ ಏಳೋದೇ ಇದರ ಗುರುತು. ಪ್ರೋಗ್ರಾಂ ಎಬ್ಬಿಸಿದರೆ ಸಾಮಾನ್ಯವಾಗಿ ಅಂತರ ಒಂದೇ ಥರ ಇರುತ್ತೆ.

ಪರೀಕ್ಷೆಗೆ ಮೌಸನ್ನು ಮಗುಚಿ ಇಡಬೇಡಿ, ಕಿತ್ತೇ ಬಿಡಿ. ಮಗುಚಿದಾಗ ಸೆನ್ಸರ್ ಟ್ಯೂಬ್‌ಲೈಟ್ ಕಡೆ ನೋಡ್ತಾ ಇರುತ್ತೆ, ಫಲಿತಾಂಶ ನಂಬೋ ಹಾಗಿರಲ್ಲ. ಕಿತ್ತು ಒಂದು ಗಂಟೆ ಬಿಡಿ. ಮಲಗೇ ಇದ್ದರೆ ಮೌಸೇ. ದಪ್ಪ ಬಟ್ಟೆಯ ಪ್ಯಾಡ್ ಹಾಕಿ, ಇಲ್ಲಾ ಒಂದು ಎ4 ಹಾಳೆ ಅಂಟಿಸಿ ನೋಡಿ. ನಿಮ್ಮ ಅಂಗಡಿಯಲ್ಲಿ ಎ4ಗೆ ಬರ ಇರಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್‌ನ 'ಅಲೋ ದಿಸ್ ಡಿವೈಸ್ ಟು ವೇಕ್ ದಿ ಕಂಪ್ಯೂಟರ್' ಟಿಕ್ ತೆಗೀರಿ ಅಂತ ಯಾರಾದರೂ ಹೇಳಬಹುದು. ಅದರಿಂದ ಇಲ್ಲಿ ಪ್ರಯೋಜನ ಇಲ್ಲ. ಸಿಪಿಯು ಮಲಗಿದ್ದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತೆ. ನಿಮ್ಮ ಸಿಪಿಯು ಎಚ್ಚರವಾಗೇ ಇದೆ.

ಪಟ್ಟಿಯ ಬಗ್ಗೆಯೂ ಒಂದು ಮಾತು. 'ನನ್' ಬಂದರೆ ಪ್ರೋಗ್ರಾಂಗಳೆಲ್ಲ ನಿರಪರಾಧಿ ಅಂತಲ್ಲ. ಕೆಲವು ಪ್ರೋಗ್ರಾಂಗಳು ಪರದೆಯನ್ನು ಹಿಡಿದು ಕೂರಲ್ಲ. ಆಗಾಗ ಬಂದು ಟೈಮರ್ ಅನ್ನು ಸೊನ್ನೆಗೆ ತಿರುಗಿಸಿ ಹೋಗ್ತವೆ. ಮೌಸ್ ಅಲುಗಿದಂತೆ ನಟಿಸುವವೂ ಇವೆ. ಇವು ಪಟ್ಟಿಯಲ್ಲಿ ಸಿಗಲ್ಲ. ಮೌಸ್ ಕಿತ್ತಮೇಲೂ ಎದ್ದರೆ, ಗಡಿಯಾರದ ಪಕ್ಕ ಕೂತಿರುವ ಐಕಾನ್‌ಗಳನ್ನು ಒಂದೊಂದಾಗಿ ಮುಚ್ಚಿ ನೋಡೋದೇ ದಾರಿ.

ಪಿನ್20 (ಮೈಸೂರು):

ಮೌಸ್ ಮಾತು ಸರಿ. ಈಗ ಮೊದಲನೇ ಮಾನಿಟರ್.

ಡಿಸ್‌ಪ್ಲೇಪೋರ್ಟ್‌ನಲ್ಲಿ 20 ಪಿನ್. 18ನೇದು 'ಹಾಟ್ ಪ್ಲಗ್ ಡಿಟೆಕ್ಟ್': ನಾನಿದೀನಿ ಅಂತ ಮಾನಿಟರ್ ಸಿಪಿಯುಗೆ ಹೇಳುವ ತಂತಿ. ಅದು 2 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಗಿಳಿದರೆ ಮಾನಿಟರ್ ಕಿತ್ತರು ಅಂತಲೇ ಸಿಪಿಯು ಭಾವಿಸುತ್ತೆ. ಕೆಲವು ಮಾನಿಟರ್‌ಗಳು ಗಾಢ ನಿದ್ದೆಗೆ ಹೋಗುವಾಗ ಈ ತಂತಿಯನ್ನೂ ಕೈಬಿಡ್ತವೆ. ಆಗ ವಿಂಡೋಸ್ 'ಮಾನಿಟರ್ ಹೋಯ್ತು' ಅಂದುಕೊಳ್ಳುತ್ತೆ, ಅದು ಮತ್ತೆ ಮೇಲೆದ್ದಾಗ 'ಹೊಸ ಮಾನಿಟರ್ ಬಂತು' ಅಂತ ಸಿಗ್ನಲ್ ಕೊಡುತ್ತೆ, ಮಾನಿಟರ್ ಎಚ್ಚರಾಗುತ್ತೆ. ಮತ್ತೆ ಮೊದಲಿಂದ. ಇನ್‌ಪುಟ್ ತಾನೇ ಹುಡುಕುವ ಸೆಟ್ಟಿಂಗ್ ಆನ್ ಇದ್ದರೂ ಇದೇ ಥರ ಆಗುತ್ತೆ: ಸಿಗ್ನಲ್ ಹೋದ ತಕ್ಷಣ ಎಚ್‌ಡಿಎಂಐ, ವಿಜಿಎ ಎಲ್ಲ ಬಾಗಿಲೂ ತಟ್ಟಿ ವಾಪಸ್ ಡಿಪಿಗೆ (ಡಿಸ್‌ಪ್ಲೇಪೋರ್ಟ್‌ಗೆ) ಬರುತ್ತೆ, ಆ ಓಡಾಟದಲ್ಲಿ 18ನೇ ತಂತಿ ಅಲುಗುತ್ತೆ.

ಮೊದಲು ಎಚ್‌ಡಿಎಂಐ ಕೇಬಲ್ ಹಾಕಿ ಒಂದು ರಾತ್ರಿ ನೋಡಿ. 60 ಹರ್ಟ್ಸ್‌ನ ಫುಲ್ ಎಚ್‌ಡಿ ಮಾನಿಟರ್ ಆದರೆ ಚಿತ್ರದಲ್ಲಿ ಏನೂ ಕಳಕೊಳ್ಳಲ್ಲ. ಅದರಲ್ಲಿ ಮಲಗಿದರೆ ದೋಷ ಡಿಪಿ ಕಡೆ. ಡಿಪಿಯೇ ಬೇಕೆಂದರೆ ಮಾನಿಟರ್‌ನ ಸ್ವಂತ ಮೆನು ತೆರೆದು 'ಆಟೋ ಸೋರ್ಸ್' ಆಫ್ ಮಾಡಿ, ಇನ್‌ಪುಟ್ ಅನ್ನು ಕೈಯಾರೆ ಡಿಸ್‌ಪ್ಲೇಪೋರ್ಟ್‌ಗೆ ನಿಲ್ಲಿಸಿ. ಆಮೇಲೆ ಅದೇ ಮೆನುವಿನಲ್ಲಿ 'ಡೀಪ್ ಸ್ಲೀಪ್' ಅಥವಾ ಅಂಥದ್ದೇ ಹೆಸರು ಇದ್ದರೆ ಆಫ್ ಮಾಡಿ. ಕಂಪನಿಗೊಂದು ಹೆಸರು ಇಟ್ಟಿರ್ತಾರೆ, ಹುಡುಕಬೇಕು. ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಕೇಬಲ್. ನನ್ನ ಹೆಸರಿನಲ್ಲಿರೋ 20ನೇ ಪಿನ್ 3.3 ವೋಲ್ಟ್‌ನದು. ಎರಡು ತುದಿಯ 20ನೇ ಪಿನ್‌ಗಳ ನಡುವೆ ತಂತಿ ಇರಬಾರದು ಅಂತ ವೀಸಾ ಸ್ಟ್ಯಾಂಡರ್ಡ್ ಹೇಳುತ್ತೆ (ಪಾಸ್‌ಪೋರ್ಟ್ ವೀಸಾ ಅಲ್ಲ, ಡಿಸ್‌ಪ್ಲೇಪೋರ್ಟ್ ನಿಯಮ ರೂಪಿಸುವ ಸಂಸ್ಥೆ). ಅಗ್ಗದ ಕೆಲವು ಕೇಬಲ್‌ಗಳಲ್ಲಿ ಅದನ್ನೂ ಜೋಡಿಸಿರ್ತಾರೆ. ಆಗ ಮಾನಿಟರ್‌ನ ಕರೆಂಟು ಗ್ರಾಫಿಕ್ಸ್ ಕಾರ್ಡಿಗೂ, ಅಲ್ಲಿಂದ ಇಲ್ಲಿಗೂ ಹಿಮ್ಮುಖವಾಗಿ ಹರಿಯುತ್ತೆ. ನಿದ್ದೆ ಕೆಡೋದು ಮಾತ್ರ ಅಲ್ಲ, ಸಿಪಿಯು ಬೂಟ್ ಆಗದೆಯೂ ಕೂರಬಹುದು. ಮಾನಿಟರ್ ಜೊತೆ ಬಂದ ಕೇಬಲ್ ಪೆಟ್ಟಿಗೆಯಲ್ಲೇ ಬಿದ್ದಿದ್ದರೆ ಅದನ್ನೇ ಹಾಕಿ.

ಸಕ್ಕರೆಸೀಮೆ_ಡಿಟಿಪಿ:

ಎರಡನೇದು: ಮೌಸ್ ಕಿತ್ತು 2 ಗಂಟೆ ಬಿಟ್ಟೆ, ಏಳಲಿಲ್ಲ. ಟೇಬಲ್ ಗಾಜಿನದೇ. ಪ್ಯಾಡ್ ಹಾಕಿದಮೇಲೆ ಎರಡು ರಾತ್ರಿ ಸರಿ.

ಮೊದಲನೇದು: ಎಚ್‌ಡಿಎಂಐನಲ್ಲಿ ಸುಮ್ಮನೆ ಮಲಗಿತು. ವಾಪಸ್ ಡಿಪಿ ಹಾಕಿ ಆಟೋ ಸೋರ್ಸ್ ಆಫ್ ಮಾಡಿದೆ, ಆದರೂ ಎದ್ದಿತು, ಆದರೆ 5 ಸೆಕೆಂಡಿನ ಬದಲು 15 ಸೆಕೆಂಡಿಗೆ. ಡೀಪ್ ಸ್ಲೀಪ್ ಆಫ್ ಮಾಡಿದಮೇಲೆ ಏಳ್ತಿಲ್ಲ. ಕೇಬಲ್ ಬದಲಿಸಿಲ್ಲ. ಡೀಪ್ ಸ್ಲೀಪ್ ತೆಗೆದರೆ ಕರೆಂಟು ಜಾಸ್ತಿ ಎಳೆಯುತ್ತಾ? ಮೂರನೇದು ಇನ್ನೂ ಹಾಗೇ ಇದೆ.

ಪಿನ್20 (ಮೈಸೂರು):

ಸ್ಟ್ಯಾಂಡ್‌ಬೈನಲ್ಲಿ ಚೂರು ಜಾಸ್ತಿ ಎಳೆಯುತ್ತೆ, ಆದರೆ ಉರಿಯುವ ಪರದೆಯ ಮುಂದೆ ಅದು ಲೆಕ್ಕಕ್ಕಿಲ್ಲ. ಮಾನಿಟರ್‌ಗೆ 20 ವ್ಯಾಟ್ ಅಂದುಕೊಳ್ಳಿ. ಮೂರು ಮಾನಿಟರ್, ದಿನಕ್ಕೆ 14 ಗಂಟೆ, 30 ದಿನ: 25.2 ಯೂನಿಟ್. ಸೆಸ್ಕ್ ಕರೆಂಟು ಬಿಲ್‌ನಲ್ಲಿ ಇಷ್ಟು ದಿನ ಬರ್ತಿದ್ದದ್ದು ಇದು. ಕರೆಂಟು ಹೋದಾಗ ಯುಪಿಎಸ್ ಬೇಗ ಕೈಕೊಡೋಕೂ ಇದು ಒಂದು ಕಾರಣ.

ಮೂರನೇದಕ್ಕೆ ವಿಂಡೋಸ್‌ನಲ್ಲಿ ಮದ್ದಿಲ್ಲ. ವಿಜಿಎ ಮಾನಿಟರ್ ಪೂರ್ತಿ ಮಲಗಬೇಕಾದರೆ ಅಡ್ಡ ಸಿಂಕ್, ಉದ್ದ ಸಿಂಕ್ (ಚಿತ್ರದ ಸಾಲು, ಫ್ರೇಮ್ ಎಲ್ಲಿ ಶುರು ಅಂತ ಹೇಳುವ ಸಿಗ್ನಲ್‌ಗಳು) ಎರಡೂ ನಿಲ್ಲಬೇಕು. ಮಾನಿಟರ್ ಕರೆಂಟು ಉಳಿಸೋಕೆ ಮಾಡಿದ 1993ರ ಡಿಪಿಎಂಎಸ್ ನಿಯಮ ಅದು, ಇವತ್ತಿಗೂ ಹಾಗೇ. ನಿಮ್ಮಲ್ಲಿ ಸಿಪಿಯು ಎಚ್‌ಡಿಎಂಐ ಸಿಗ್ನಲ್ ನಿಲ್ಲಿಸುತ್ತೆ, ಆದರೆ ಎಚ್‌ಡಿಎಂಐನ 18ನೇ ಪಿನ್‌ನ (ಡಿಪಿಯದಲ್ಲ) 5 ವೋಲ್ಟ್ ಹಾಗೇ ಉಳಿಯುತ್ತೆ. ಕನ್ವರ್ಟರ್ ಒಳಗಿನ ಚಿಪ್ ಬದುಕೋದು ಆ 5 ವೋಲ್ಟ್‌ನಲ್ಲೇ. ಚಿತ್ರ ಬರದಿದ್ದಾಗ ಒಳ್ಳೆಯ ಚಿಪ್ ಸಿಂಕ್ ನಿಲ್ಲಿಸುತ್ತೆ. ನಿಮ್ಮದು ಕಪ್ಪು ಚಿತ್ರಕ್ಕೆ ಸಿಂಕ್ ಸೇರಿಸಿ ಕಳಿಸ್ತಾ ಕೂತಿದೆ. ಮಾನಿಟರ್ ಪಾಲಿಗೆ ಅದೂ ಸಿಗ್ನಲ್ಲೇ.

ಸಿಪಿಯು ಹಿಂದೆ ನೀಲಿ ಬಣ್ಣದ 15 ಪಿನ್‌ನ ವಿಜಿಎ ಪೋರ್ಟ್ ಇದೆಯಾ ನೋಡಿ. ಗ್ರಾಫಿಕ್ಸ್ ಕಾರ್ಡ್ ಬೇರೆ ಇಲ್ಲದಿದ್ದರೆ ಕನ್ವರ್ಟರ್ ತೆಗೆದು ನೇರ ಅದಕ್ಕೇ ಹಾಕಿ. ಮಾನಿಟರ್ ಹಿಂದೆ ಡಿವಿಐ ಪೋರ್ಟ್ ಇದ್ದರೆ ಇನ್ನೂ ಒಳ್ಳೆಯದು: ಎಚ್‌ಡಿಎಂಐ–ಡಿವಿಐ ಕೇಬಲ್‌ನಲ್ಲಿ ಚಿಪ್ಪೇ ಇರಲ್ಲ, ಬರೀ ತಂತಿ, ಅಕ್ಷರವೂ ಚೊಕ್ಕ ಕಾಣುತ್ತೆ. ಡಿಟಿಪಿಗೆ ಅದು ಲಾಭ.

ಸಕ್ಕರೆಸೀಮೆ_ಡಿಟಿಪಿ:

ಸಿಪಿಯುನಲ್ಲಿ ವಿಜಿಎ ಇಲ್ಲ. ಮಾನಿಟರ್ ಹಿಂದೆ ಧೂಳು ಒರೆಸಿ ನೋಡಿದರೆ ಬಿಳೀ ಬಣ್ಣದ ಅಗಲ ಪೋರ್ಟ್ ಒಂದಿದೆ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇದೆ.

ಕನ್ನಂಬಾಡಿ_ಕಟ್ಟೆ:

ಅದೇ ಡಿವಿಐ. ಒಂದೂವರೆ ಮೀಟರ್‌ನ ಎಚ್‌ಡಿಎಂಐ–ಡಿವಿಐ ಕೇಬಲ್ ತನ್ನಿ, ಅಂಗಡಿಯವರು ಮತ್ತೆ ಕನ್ವರ್ಟರ್ ಡಬ್ಬಿ ಕೊಟ್ಟರೆ ಬೇಡ ಅನ್ನಿ. ಹಾಕಿದಮೇಲೆ ಮಾನಿಟರ್ ಮೆನುವಿನಲ್ಲಿ ಇನ್‌ಪುಟ್ 'ಡಿವಿಐ' ಅಥವಾ 'ಡಿಜಿಟಲ್' ಮಾಡಿ, ಇಲ್ಲದಿದ್ದರೆ ಪರದೆ ಬರಲೇ ಇಲ್ಲ ಅಂತ ಇಲ್ಲಿಗೆ ಮತ್ತೆ ಬರ್ತೀರಿ. ಎರಡೂ ತುದಿಯ ಸ್ಕ್ರೂ ಕೈಯಲ್ಲಿ ತಿರುಗಿಸಿದರೆ ಸಾಕು, ಸ್ಕ್ರೂಡ್ರೈವರ್ ಹಾಕಿ ಬಿಗಿದರೆ ಮುಂದೆ ಬಿಚ್ಚುವಾಗ ಪೋರ್ಟ್‌ನ ಗಟ್ಟಿ ನಟ್ಟೇ ಕಿತ್ತು ಬರುತ್ತೆ.

ಸಕ್ಕರೆಸೀಮೆ_ಡಿಟಿಪಿ:

ತಿದ್ದುಪಡಿ: ಎಚ್‌ಡಿಎಂಐ ಕಡೆ ಸ್ಕ್ರೂ ಇರಲ್ಲ ಸಾರ್, ಡಿವಿಐ ಕಡೆ ಮಾತ್ರ. ಕೇಬಲ್ ಹಾಕಿ ಸ್ಕ್ರೀನ್ ಆಫ್ 1 ನಿಮಿಷಕ್ಕೆ ಇಟ್ಟೆ. 1 ನಿಮಿಷ 4 ಸೆಕೆಂಡಿಗೆ ನೀಲಿ ದೀಪ ಮಿಣುಕೋಕೆ ಶುರುವಾಯ್ತು, ಅಂಗಡಿ ದೀಪ ಆರಿಸಿ ನೋಡಿದೆ, ಹಿಂದಿನ ಲೈಟು ಇಲ್ಲ. ಮೂರರಲ್ಲೂ ವಾಪಸ್ 10 ನಿಮಿಷಕ್ಕೆ ಹಾಕಿದೆ.