ಪದಚರ್ಚೆ: ಚಿಂಪಾಂಜಿ ನಗುತ್ತದೆಯೋ, ಹಲ್ಲು ಗಿಂಜುತ್ತದೆಯೋ?

ಎಲ್ಲರಿಗೂ ನಮಸ್ಕಾರ,

ಶಿರಸಿಯಿಂದ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು. ನಮ್ಮೂರ ಶಾಲೆಯ ಮಕ್ಕಳಿಗೆ ಗೋಡೆಪತ್ರಿಕೆ ಮಾಡುತ್ತಿದ್ದೇವೆ. ಅದಕ್ಕೆ ಒಬ್ಬರು ಚಿಂಪಾಂಜಿಯ ಚಿತ್ರ ತಂದುಕೊಟ್ಟರು. ಅಂಗಿ ಚಡ್ಡಿ ತೊಡಿಸಿ ಕುರ್ಚಿಯಲ್ಲಿ ಕೂರಿಸಿದ ಮರಿ, ಮೇಲಿನ ಕೆಳಗಿನ ಹಲ್ಲೆಲ್ಲ ಕಾಣುತ್ತದೆ. ಅಡಿಯಲ್ಲಿ ‘ನಗುವ ಚಿಂಪಾಂಜಿ’ ಎಂದು ಬರೆದಿತ್ತು. ಆ ‘ನಗುವ’ ತೆಗೆಯಬೇಕು ಅಂದೆ. ಹಾಗಾದರೆ ಏನು ಬರೆಯೋಣ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಚಿಂಪಾಂಜಿ ಹೀಗೆ ತುಟಿ ಎಳೆದು ಹಲ್ಲು ತೋರಿಸುವುದು ಹೆದರಿದಾಗ, ಇಲ್ಲವೇ ತನಗಿಂತ ಬಲಶಾಲಿಯ ಎದುರು ತಗ್ಗಿದಾಗ. ಅದಕ್ಕೆ ನಗುವೂ ಇದೆ, ಆದರೆ ಅದು ಬೇರೆ. ಕಚಗುಳಿ ಇಟ್ಟರೆ, ಆಟದಲ್ಲಿ ಉರುಳಾಡಿದರೆ ಬಾಯಿ ಸಡಿಲವಾಗಿ ತೆರೆಯುತ್ತದೆ, ಮೇಲಿನ ಹಲ್ಲು ಹೆಚ್ಚಾಗಿ ತುಟಿಯೊಳಗೇ ಇರುತ್ತದೆ, ಏದುಸಿರಿನ ಹಾಗೆ ಸದ್ದು ಬರುತ್ತದೆ.

1961ರ ಜನವರಿ 31ರಂದು ಅಮೆರಿಕದವರು ಹ್ಯಾಮ್ ಎಂಬ ಚಿಂಪಾಂಜಿಯನ್ನು ರಾಕೆಟ್ಟಿನಲ್ಲಿ ಕಳಿಸಿದ್ದರು. ಹದಿನಾರು ನಿಮಿಷ ಚಿಲ್ಲರೆಯ ಹಾರಾಟ. ತರಬೇತಿಯಲ್ಲಿ ಸನ್ನೆಕೋಲು ಒತ್ತಲು ತಡವಾದರೆ ಅಂಗಾಲಿಗೆ ಕರೆಂಟು ಹೊಡೆಯುತ್ತಿತ್ತು. ಮರಳಿ ಬಂದ ಹ್ಯಾಮ್ ಹಲ್ಲು ಬಿಟ್ಟಿರುವ ಫೋಟೋ ನೋಡಿ ಜಗತ್ತೇ ‘ಖುಷಿಯಲ್ಲಿದೆ’ ಎಂದುಕೊಂಡಿತು. ಆಮೇಲೆ ಫೋಟೋದವರಿಗಾಗಿ ಅದನ್ನು ಮತ್ತೆ ಅದೇ ಆಸನದಲ್ಲಿ ಕೂರಿಸಲು ಹೋದರೆ ಅದು ಒಪ್ಪಲೇ ಇಲ್ಲ. ಚಿಂಪಾಂಜಿಗಳ ನಡುವೆಯೇ ವರ್ಷಗಟ್ಟಲೆ ಕಳೆದ ಜೇನ್ ಗುಡಾಲ್ ಅದು ಬರೀ ಭಯದ ಮುಖ ಅಂದರು. ಮುಂದೆ ಹ್ಯಾಮ್ ವಾಷಿಂಗ್ಟನ್ನಿನ ಮೃಗಾಲಯದಲ್ಲಿ 17 ವರ್ಷ ಒಂಟಿಯಾಗಿತ್ತು. ಗುಂಪಿನಲ್ಲೇ ಬಾಳುವ, ನಾಲ್ಕೈದು ವರ್ಷ ತಾಯಿಯ ಹಾಲು ಕುಡಿಯುವ ಪ್ರಾಣಿ ಅದು. ನನಗೆ ಈ 17 ವರ್ಷವೇ ಜಾಸ್ತಿ ಕಾಡುತ್ತದೆ.

ಒಂದು ಪದಕ್ಕೆ ಇಷ್ಟು ಯಾಕೆ ಅಂತೀರಾ? 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂದಿತ್ತು. ಗೊರಿಲ್ಲಾ ಅಳಿವಿನ ಅಂಚಿನಲ್ಲಿದೆ ಎಂದು ಬಹುತೇಕ ಎಲ್ಲರಿಗೂ ಗೊತ್ತಿತ್ತು, ಚಿಂಪಾಂಜಿಯದ್ದು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಟಿವಿಯಲ್ಲಿ, ಜಾಹೀರಾತಿನಲ್ಲಿ ಅಷ್ಟು ಕಾಣುತ್ತದಲ್ಲ ಎಂಬುದೇ ಅವರ ಕಾರಣ. ಅಂಗಿ ತೊಟ್ಟು ‘ನಗುವ’ ಮರಿ ಕಂಡವರಿಗೆ ಅದು ಸುಖವಾಗಿದೆ ಅನ್ನಿಸದೆ ಇರುತ್ತದೆಯೇ? ಆ ಮರಿ ಬೆಳೆದು ಮನುಷ್ಯರ ಕೈಗೆ ಸಿಗದಷ್ಟು ಬಲವಾದ ಮೇಲೆ, ಉಳಿದ ಮೂವತ್ತು ನಲವತ್ತು ವರ್ಷ ಎಲ್ಲಿ ಕಳೆಯುತ್ತದೆ ಎಂದು ಯಾರೂ ಕೇಳುವುದಿಲ್ಲ.

ಈಗ ಪದಕ್ಕೆ ಬರುತ್ತೇನೆ. ‘ಹಲ್ಲು ಕಿಸಿ’ ಬೇಡ, ಅದು ನಗುವೇ. ‘ಹಲ್ಲು ಕಿರಿ’ ಎಂದರೂ ನಮ್ಮ ಕಡೆ ಪೆದ್ದುನಗೆ ಎಂದೇ ತಿಳಿಯುತ್ತಾರೆ. ನಮ್ಮ ಅಜ್ಜಿ ತೋಟದಲ್ಲಿ ದೊಡ್ಡ ಗಡವ ಮಂಗನ ಎದುರು ಚಿಕ್ಕದೊಂದು ಹಲ್ಲು ತೋರಿಸಿದಾಗ, ‘ಅದು ನಗ್ತಾ ಇಲ್ಲೆ, ಹೆದ್ರಿ ಹಲ್ಲು ಗಿಂಜ್ತಾ ಇದ್ದು’ ಅನ್ನುತ್ತಿದ್ದಳು. ಎಷ್ಟು ಸರಿಯಾಗಿ ನೋಡಿದ್ದಳು ಅಲ್ವಾ! ಅಡಿಕೆ ತೋಟದ ಮಂಗಗಳೂ ಬಲಶಾಲಿಯ ಮುಂದೆ ಹಾಗೇ ಮಾಡುತ್ತವೆ.

ಆದರೆ ಒಂದು ಅನುಮಾನ. ‘ಹಲ್ಲು ಗಿಂಜು’ ಅಂದರೆ ನಾಚಿಕೆ ಬಿಟ್ಟು ಬೇಡುವುದು ಎಂಬ ಅರ್ಥವೇ ಈಗ ಮುಂದೆ ನಿಲ್ಲುತ್ತದೆ. ಸಾಹೇಬರ ಮುಂದೆ ಹಲ್ಲು ಗಿಂಜಿದ ಅಂದರೆ ಅದು ಬೈಗುಳ. ಕೂಡಿಹಾಕಿದ, ಹೆದರಿದ ಪ್ರಾಣಿಗೆ ಆ ಬೈಗುಳ ತಾಗಬಾರದು. ಸುಮ್ನೆ ‘ಹೆದರಿ ಹಲ್ಲು ಬಿಟ್ಟ ಚಿಂಪಾಂಜಿ’ ಎಂದರೆ ಸಾಕೇ? ಕಾರವಾರ, ಕುಮಟಾ, ಅಂಕೋಲಾ ಕಡೆಯವರು ಇದಕ್ಕೆ ಏನನ್ನುತ್ತೀರಿ? ಹಾಲಕ್ಕಿ ಒಕ್ಕಲಿಗರ ಮಾತಿನಲ್ಲಿ, ಕೊಂಕಣಿಯಲ್ಲಿ ಬೇರೆ ಪದ ಇದ್ದರೆ ಅದನ್ನೂ ತಿಳಿಸಿ.

ಇನ್ನೊಂದು ಸಣ್ಣದು. ಚಿತ್ರ ತಂದವರು ‘ಆಫ್ರಿಕಾದ ಮಂಗ’ ಎಂದೂ ಸೇರಿಸಿದ್ದರು. ನಮ್ಮ ಮುಸಿಯಕ್ಕೂ ಸಿಂಗಳೀಕಕ್ಕೂ ಬಾಲ ಇದೆ, ಚಿಂಪಾಂಜಿಗೆ ಇಲ್ಲ, ಅದು ಗೊರಿಲ್ಲಾದ ಬಳಗ. ‘ವಾನರ’ ಎಂದು ಹಾಕಿದರೆ ಮಕ್ಕಳು ಹನುಮಂತನನ್ನು ನೆನೆಯುತ್ತಾರೆ. ಹಾಗಾಗಿ ಬರೀ ‘ಚಿಂಪಾಂಜಿ’ ಎಂದೇ ಬಿಟ್ಟಿದ್ದೇನೆ.

ಗೋಡೆಪತ್ರಿಕೆ ಸೋಮವಾರ ಅಂಟಿಸಬೇಕು. ಅಷ್ಟರೊಳಗೆ ಬರೆದರೆ ಉಪಕಾರ.