ಒಬ್ಬನೇ ಆಡೋ ಗೇಮಿಗೂ ಸದಾ ನೆಟ್ ಬೇಕಂತೆ. ತಗೊಳ್ಳೋದಾ, ಬಿಡೋದಾ?

ಮಳೆಯೂರು: ನಮ್ದು ಶಿರಸಿ ಕಡೆ ಹಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರೂ ಸತ್ತ ಹಾಗೆ. ತಮ್ಮ 2,999ರ ಪಿಸಿ ಗೇಮ್ ಬೇಕು ಅಂತ ಹಟ ಹಿಡಿದಿದ್ದಾನೆ. ಸರ್ವರ್ ಸಂಪರ್ಕ ಕಡ್ಡಾಯ ಅಂತ ಬರೆದಿದೆ. ಅನುಭವ ಇದ್ದವರು ಹೇಳಿ.

ಹಳೇಡಿಸ್ಕ್: ನನ್ ಕಥೆ ಕೇಳಿ. 2010, 999 ಕೊಟ್ಟು ಅಸಲಿ ಡಿಸ್ಕ್ ತಗೊಂಡೆ. ಮೂರೇ ಆಕ್ಟಿವೇಶನ್, ಅಂದ್ರೆ ಕೀ ಹಾಕಿ ಗೇಮ್ ಚಾಲೂ ಮಾಡೋಕೆ ಮೂರೇ ಸಲ ಅವಕಾಶ. ಮೊದಲು ಹಾಕಿದ್ದು ಒಂದು, ವಿಂಡೋಸ್ ಹೊಸದಾಗಿ ಹಾಕಿದ್ದು ಇನ್ನೊಂದು, ಹಾರ್ಡ್ ಡಿಸ್ಕ್ ಸುಟ್ಟಿದ್ದು ಮತ್ತೊಂದು. ಮುಗೀತು! ಬಾಕ್ಸಿನ ಫೋಟೋ, ಬಿಲ್ಲು, ಕೀ ಇರೋ ಪುಸ್ತಕ ಕಳಿಸಿ ಅಂದ್ರು ಕಂಪನಿಯವರು. ಪುಸ್ತಕ ಅಮ್ಮ ರದ್ದಿಗೆ ಹಾಕಿದ್ರು. ಸೈಬರ್ ಕೆಫೆಗೆ ಏಳು ಸಲ, ಸಲಕ್ಕೆ 20. ಕೊನೆಗೆ ಅದೇ ಗೇಮನ್ನ ಇನ್ನೊಂದ್ಸಲ 999ಕ್ಕೆ ತಗೊಂಡೆ. ಒಟ್ಟು 2,138, ಲೆಕ್ಕ ಇವತ್ತಿಗೂ ಬಾಯಿಪಾಠ. ಪಕ್ಕದ ರೂಮಿನವನು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನ 100 ರೂಪಾಯಿ ಕಳ್ಳ ಸಿಡಿ ಹಾಕಿ ಆರಾಮಾಗಿ ಆಡ್ತಿದ್ದ. 2008ರಲ್ಲಿ ಬಂದ ಗೇಮ್ ಸ್ಪೋರ್‌ಗೂ ಮೂರೇ ಇತ್ತು, ಜನ ಬೊಬ್ಬೆ ಹೊಡೆದ ಮೇಲೆ ಐದಾಯ್ತು. ಕಳ್ಳರಿಗೆ ಏನೂ ಆಗ್ಲಿಲ್ಲ ಬಿಡಿ.

ಧಾರವಾಡ ಪೇಡೆ: ಪಿಸಿ ಬಿಡ್ರಿ. ನಾ ಕನ್ಸೋಲ್‌ನಾಂವ. ಡಿಸ್ಕ್ ತಗೋ, ಆಡು, ಮಾರು. ಆದ್ರ ಅಲ್ಲೂ ಹೊಡೆತ ತಿಂದೇನಿ. 2012ರಾಗ ಹುಬ್ಬಳ್ಳ್ಯಾಗ ಸೆಕೆಂಡ್ ಹ್ಯಾಂಡ್ ಡಿಸ್ಕ್ 1,200ಕ್ಕ ತಗೊಂಡೆ. ಮನಿಗೆ ಬಂದು ಹಾಕಿದ್ರ ಆನ್‌ಲೈನ್ ಆಡಾಕ ಕೋಡ್ ಕೇಳತೈತಿ! ಮೊದಲಿನಾಂವ ಕೋಡ್ ಬಳಸಿಬಿಟ್ಟಾನ. ಹೊಸಾದಕ್ಕ 10 ಡಾಲರ್. ದುಬೈದಾಗಿನ ಮಾವನ ಕಾರ್ಡಿಗೆ ಕೈ ಮುಗದೆ. ಗೇಮ್ ಕಂಪನಿ ಇಎ ಈ ಕೋಡಿನ ಪದ್ಧತಿನ 2010ರಾಗ ಚಾಲೂ ಮಾಡಿ 2013ರಾಗ ಬಿಟ್ಟಿತು. ನಂದು ಬ್ಯಾರೆ ಕಂಪನಿದು, ರೋಗ ಒಂದ. ಕಳ್ಳತನ ತಡಿಯೂ ಮಾತs ಅಲ್ಲ, ಹಳೇ ಡಿಸ್ಕಿನ ಪ್ಯಾಟಿ ಮುರಿಯೂದು.

ಕೋಡ್ ಕುಟ್ಟೋನು: ಎಲ್ಲಾ ಕಂಪನಿಗೂ ಬೈತೀರಲ್ಲ. ನಾವು ಐದು ಜನ ಎರಡೂವರೆ ವರ್ಷ ಕೂತು ಗೇಮ್ ಮಾಡಿದ್ವಿ. ಯಾವ ರಕ್ಷಣೆನೂ ಹಾಕ್ಲಿಲ್ಲ, ಒಳ್ಳೇತನ. ಬಿಡುಗಡೆಯಾದ ಸಂಜೆನೇ ಕಳ್ಳ ಕಾಪಿ ಹರಿದಾಡ್ತು. ಕದ್ದು ಆಡಿದವರು ಬಗ್ ಇದೆ ಅಂತ ನಮಗೇ ಮೇಲ್ ಹಾಕಿದ್ರು! ದುಡ್ಡು ಬರೋದೇ ಮೊದಲ ಎರಡು ವಾರ. ಡಿನ್ಯೂವೋ ಅನ್ನೋ ಕಾಪಿ ತಡೆಯೋ ಬೀಗ ಹಾಕೋರು ಅದಕ್ಕೇ ಹಾಕೋದು. ಹಳೇಡಿಸ್ಕ್ ಅಣ್ಣ, ನಿಮ್ಮ 100 ರೂಪಾಯಿ ಸ್ನೇಹಿತ ನಮ್ಮ ಹೊಟ್ಟೆ ಮೇಲೆ ಹೊಡೆದಿದ್ದು.

ಹಳೇಡಿಸ್ಕ್: ಎರಡು ಸಲ ದುಡ್ಡು ಕೊಟ್ಟವನಿಗೆ ಪಾಠ ಹೇಳ್ಬೇಡ ಗುರು. ಎರಡು ವಾರ ಅಂದ್ಯಲ್ಲ, ಮೂರನೇ ವಾರ ಬೀಗ ತೆಗೀರಿ ಮತ್ತೆ. 2013ರ ಸಿಮ್‌ಸಿಟಿ ನೆಟ್ ಇಲ್ದೆ ಓಡಲ್ಲ ಅಂದ್ರು. ವರ್ಷ ಕಳೆದ ಮೇಲೆ ಒಂದು ಅಪ್‌ಡೇಟ್‌ನಲ್ಲಿ ಆಫ್‌ಲೈನ್ ಬಂತು. ಹೆಂಗೆ?

ಕುಡ್ಲ ಪ್ಲೇಯರ್: ಜಗಳ ನಿಲ್ಸಿ ಮಾರಾಯ್ರೆ. ಯೂಬಿಸಾಫ್ಟ್‌ನ ದ ಕ್ರೂ 2014ರದ್ದು, 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್. ಒಬ್ಬನೇ ಆಡುವ ಕಥೆಯೂ ಹೋಯ್ತು. ಅದರಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿದ್ದು. ಡಿಜಿಟಲ್ ಮಾಲು ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಅನ್ನುವ ಹಾಗಿಲ್ಲ ಅಂತ ಕ್ಯಾಲಿಫೋರ್ನಿಯದಲ್ಲಿ 2025ರಿಂದ ಕಾನೂನೇ ಉಂಟು. ನಾನೀಗ ಜಿಒಜಿ ಅಂತ ಬೀಗ ಇಲ್ಲದ ಗೇಮ್ ಮಾರುವ ಆನ್‌ಲೈನ್ ಅಂಗಡಿ ಉಂಟಲ್ಲ, ಅಲ್ಲಿ ಮಾತ್ರ ತೆಗೊಳ್ಳುದು. ಇನ್‌ಸ್ಟಾಲರ್ ಇಳಿಸಿ ಹಾರ್ಡ್ ಡಿಸ್ಕಿಗೆ ಹಾಕಿದ್ರೆ ಯಾರಪ್ಪನ ಹಂಗೂ ಇಲ್ಲ. ಹಾರ್ಡ್ ಡಿಸ್ಕಿಗೇ 5,400 ಆಯ್ತು, ಅದು ಬೇರೆ ಮಾತು.

ಕೋಡ್ ಕುಟ್ಟೋನು: ಅಲ್ಲಿಂದ್ಲೂ ಕಾಪಿ ಮಾಡಿ ಹಂಚ್ತಾರೆ. ನೀವೂ ಹಂಚಿರ್ತೀರ.

ಕುಡ್ಲ ಪ್ಲೇಯರ್: ಬಾಯಿಗೆ ಬಂದದ್ದು ಮಾತಾಡ್ಬೇಡಿ. 63 ಗೇಮಿನ ಬಿಲ್ಲು ಉಂಟು, ತೋರಿಸ್ಲಾ?

ಮಳೆಯೂರು: ಅಲ್ಲ, ನಮ್ಮನೆ ನೆಟ್ ದಿನಕ್ಕೆ ಹತ್ತು ಸಲ ಹೋಗ್ತದೆ. ಆಡ್ತಾ ಇರುವಾಗ ಹೋದ್ರೆ ಏನಾಗ್ತದೆ ಅಂತ ಯಾರಾದ್ರೂ ಹೇಳ್ತೀರಾ?

ಧಾರವಾಡ ಪೇಡೆ: ಹಳೇಡಿಸ್ಕ್, ನ್ಯಾಷನಲ್ ಮಾರ್ಕೆಟ್ಟಿನಾಗ 100 ಯಾರು ಕೊಡತಿದ್ರು? ನಾ ಅಲ್ಲೇ 60ಕ್ಕ ತಂದೇನಿ.

ಹಳೇಡಿಸ್ಕ್: 60ರದ್ದು ಎರಡನೇ ಡಿಸ್ಕಲ್ಲಿ ಸಿಕ್ಕಾಕೊಳ್ಳೋದು ಸರ್. ಗೊತ್ತಿಲ್ದೆ ಮಾತಾಡ್ಬೇಡಿ.